ಡೈವೋರ್ಸ್‌ಗೆ ವಕೀಲರನ್ನು ಹುಡುಕುವ ಮೊದಲು, ಹುಡುಕುವಾಗ, ಹುಡುಕಿದ ಮೇಲೆ

ತಂಗಿಯ ಜೊತೆ ನಾನು ಇಬ್ಬರು ವಕೀಲರನ್ನು ನೋಡಲು ಹೋಗಿದ್ದೆ. ಮೊದಲನೆಯವರು ಬಾಯಿ ತೆರೆದದ್ದೇ "ಹುಡುಗನ ಸಂಬಳ ಎಷ್ಟು?" ಎಂದು. ಐದೇ ನಿಮಿಷದಲ್ಲಿ "ಮೂರು ತಿಂಗಳಲ್ಲಿ ಡೈವೋರ್ಸ್ ಕೈಗೆ ಕೊಡಿಸ್ತೀನಿ" ಎಂದರು. ಎರಡನೆಯವರು ಲಗ್ನಪತ್ರಿಕೆ ಕೇಳಿದರು. ಅದನ್ನು ನೋಡಿ, "ಯಾವಾಗಿಂದ ಬೇರೆ ಇದ್ದೀರಮ್ಮ?" ಎಂದರು. ಎಂಟು ತಿಂಗಳು ಎಂದಳು ತಂಗಿ. "ಹಾಗಾದರೆ ಒಪ್ಪಿಗೆಯ ಅರ್ಜಿ ಹಾಕೋಕೆ ಇನ್ನೂ ನಾಲ್ಕು ತಿಂಗಳಿದೆ. ಅಷ್ಟರಲ್ಲಿ ಒಡವೆ, ಮಗು, ದುಡ್ಡು ಮೂರನ್ನೂ ಕೂತು ಮಾತಾಡಿ" ಎಂದು ವಾಪಸ್ ಕಳಿಸಿದರು.

ಆವತ್ತು ನಮಗೆ ಬೇಜಾರಾಗಿತ್ತು. ಫೀಸು ಕೊಡಲು ರೆಡಿ ಇದ್ದರೂ ಕೆಲಸ ಶುರು ಮಾಡಲಿಲ್ಲವಲ್ಲ ಅಂತ. ನಿಜವಾದ ಕೆಲಸ ಶುರು ಮಾಡಿದ್ದು ಅವರೇ ಎಂದು ಗೊತ್ತಾಗಿದ್ದು ಆಮೇಲೆ. ಡೈವೋರ್ಸಿನಲ್ಲಿ ಕೋರ್ಟಿನ ಒಳಗೆ ಆಗುವುದಕ್ಕಿಂತ ಅರ್ಜಿ ಹಾಕುವ ಮೊದಲು ಇತ್ಯರ್ಥವಾಗುವುದೇ ಜಾಸ್ತಿ. ಹಾಗಾಗಿ ಇಲ್ಲಿ ವಕೀಲರ ವಿಷಯಕ್ಕೆ ಬರುವ ಮುಂಚೆ ಕಾನೂನಿನ ಮೂಲ ವಿಷಯಗಳನ್ನು ಹೇಳುತ್ತೇನೆ. ಅವು ಗೊತ್ತಿಲ್ಲದಿದ್ದರೆ ಎದುರು ಕೂತ ವಕೀಲರು ಸರಿಯಾಗಿ ಹೇಳುತ್ತಿದ್ದಾರಾ ಇಲ್ಲವಾ ಎಂದು ಅಳೆಯಲು ಆಗುವುದಿಲ್ಲ. ಇದೆಲ್ಲ ಭಾರತದ ಕಾನೂನಿನ ಮಾತು. ಹೊರದೇಶದಲ್ಲಿ ನೆಲೆಸಿದ್ದರೆ ಲೆಕ್ಕ ಬೇರೆ.

ಹೊಡೆತ ಬಡಿತ ಇದ್ದರೆ ಈ ಕ್ರಮ ಬಿಡಿ

ಮನೆಯಲ್ಲಿ ಹಿಂಸೆ ನಡೆಯುತ್ತಿದ್ದರೆ ವಕೀಲರನ್ನು ಆರಿಸುತ್ತಾ ಕೂರಬೇಡಿ. ತುರ್ತಿಗೆ 112, ಮಹಿಳಾ ಸಹಾಯವಾಣಿ 181. ಗಾಯವಾಗಿದ್ದರೆ ಆಸ್ಪತ್ರೆಯಲ್ಲಿ ಹೇಗಾಯಿತೆಂದು ನಿಜ ಹೇಳಿ, ಚೀಟಿ ಇಟ್ಟುಕೊಳ್ಳಿ. "ಬಾತ್‌ರೂಮಿನಲ್ಲಿ ಜಾರಿ ಬಿದ್ದೆ" ಎಂದು ಬರೆಸಿದರೆ ಮುಂದೆ ಆ ಚೀಟಿಯೇ ನಿಮಗೆ ಎದುರಾಗುತ್ತದೆ.

2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ರಕ್ಷಣೆ, ಖರ್ಚಿಗೆ ಹಣ, ಮಗುವಿನ ತಾತ್ಕಾಲಿಕ ಸುಪರ್ದಿ, ಮನೆಯಲ್ಲೇ ಉಳಿಯುವ ಆದೇಶ ಎಲ್ಲವನ್ನೂ ಕೇಳಬಹುದು. ಇದಕ್ಕೆ ಡೈವೋರ್ಸ್ ಅರ್ಜಿ ಹಾಕಿರಲೇಬೇಕು ಎಂದಿಲ್ಲ. ಮನೆ ಗಂಡನ ಹೆಸರಲ್ಲಿದ್ದರೂ ಸರಿ, ಕೋರ್ಟಿನ ಆದೇಶವಿಲ್ಲದೆ ಹೆಂಡತಿಯನ್ನು ಸುಮ್ನೆ ಹೊರಗೆ ಹಾಕುವಂತಿಲ್ಲ.

ಹಂತ 1: ನಿಮ್ಮ ಮದುವೆ ಯಾವ ಕಾನೂನಿನಡಿ ಆಗಿದೆ?

ನಮ್ಮಲ್ಲಿ ಎಲ್ಲರಿಗೂ ಒಂದೇ ಡೈವೋರ್ಸ್ ಕಾನೂನು ಇಲ್ಲ. ಹಿಂದೂ, ಬೌದ್ಧ, ಜೈನ, ಸಿಖ್ಖರಿಗೆ 1955ರ ಹಿಂದೂ ವಿವಾಹ ಕಾಯ್ದೆ. ವೀರಶೈವ, ಲಿಂಗಾಯತ ಎಂಬ ಹೆಸರುಗಳೂ ಅದರ ಎರಡನೇ ಸೆಕ್ಷನ್ನಿನಲ್ಲೇ ಇವೆ. ಪರಿಶಿಷ್ಟ ಪಂಗಡದವರಿಗೆ ಮಾತ್ರ, ಕೇಂದ್ರ ಸರ್ಕಾರ ಬೇರೆ ಅಧಿಸೂಚನೆ ಹೊರಡಿಸದಿದ್ದರೆ, ಈ ಕಾಯ್ದೆ ಅನ್ವಯಿಸುವುದಿಲ್ಲ. ಅವರು ಇದನ್ನು ವಕೀಲರಿಗೆ ಮೊದಲೇ ಹೇಳಬೇಕು.

ಕ್ರೈಸ್ತರಿಗೆ 1869ರ ವಿಚ್ಛೇದನ ಕಾಯ್ದೆ. ಪಾರ್ಸಿಗಳಿಗೆ 1936ರದು. ಮುಸ್ಲಿಮರಲ್ಲಿ ಖುಲಾ (ಹೆಂಡತಿ ಕೇಳಿ ಪಡೆಯುವುದು), ಮುಬಾರತ್ (ಇಬ್ಬರೂ ಒಪ್ಪಿ ಬಿಡುವುದು) ಮುಂತಾದ ದಾರಿಗಳಿವೆ. ಹೆಂಡತಿ ಕೋರ್ಟಿಗೆ ಹೋಗಲು 1939ರ ಕಾಯ್ದೆಯಿದೆ. ಗಂಡ ಎರಡು ವರ್ಷ ಜೀವನಕ್ಕೆ ಏನೂ ಕೊಡದಿದ್ದರೆ ಅದೂ ಒಂದು ಕಾರಣ. ಒಂದೇ ಉಸಿರಿಗೆ ಮೂರು ಸಲ ತಲಾಖ್ ಹೇಳುವುದು 2017ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಬಿದ್ದುಹೋಯಿತು. 2019ರ ಕಾಯ್ದೆಯ ಪ್ರಕಾರ ಅದು ಮೂರು ವರ್ಷದವರೆಗೆ ಜೈಲಾಗಬಹುದಾದ ಅಪರಾಧ.

ಇನ್ನು 1954ರ ವಿಶೇಷ ವಿವಾಹ ಕಾಯ್ದೆ. ಇಲ್ಲಿ ಗೊಂದಲ ಜಾಸ್ತಿ. "ನಮ್ಮದು ರಿಜಿಸ್ಟರ್ ಮದುವೆ" ಎನ್ನುವವರಲ್ಲಿ ಹಲವರು ಛತ್ರದಲ್ಲೋ ದೇವಸ್ಥಾನದಲ್ಲೋ ಮದುವೆಯಾಗಿ ಆಮೇಲೆ ನೋಂದಣಿ ಮಾಡಿಸಿದವರು. ಅದು ಹಿಂದೂ ವಿವಾಹ ಕಾಯ್ದೆಯ ಮದುವೆಯೇ. ಮೂವತ್ತು ದಿನದ ನೋಟಿಸ್ ಹಾಕಿಸಿ, ವಿವಾಹಾಧಿಕಾರಿಯ ಮುಂದೆ ಸಹಿ ಹಾಕಿ ಆದದ್ದು ವಿಶೇಷ ವಿವಾಹ ಕಾಯ್ದೆಯದು. ಸರ್ಟಿಫಿಕೇಟ್ ತೆಗೆದು ನೋಡಿ, ಯಾವ ಕಾಯ್ದೆ ಎಂದು ಅದರಲ್ಲೇ ಅಚ್ಚಾಗಿರುತ್ತದೆ.

ಮುಂದೆ ಹೇಳುವುದು ಹೆಚ್ಚಾಗಿ ಹಿಂದೂ ವಿವಾಹ ಕಾಯ್ದೆಯ ಲೆಕ್ಕ. ವಿಶೇಷ ವಿವಾಹ ಕಾಯ್ದೆಯಲ್ಲೂ ಬಹುಪಾಲು ಹೀಗೇ ಇದೆ.

ಹಂತ 2: ಒಪ್ಪಿಗೆಯ ದಾರಿಯೋ, ಜಗಳದ ದಾರಿಯೋ?

ಮದುವೆಯಾಗಿ ಒಂದು ವರ್ಷ ತುಂಬುವ ಮುಂಚೆ ಸಾಮಾನ್ಯವಾಗಿ ಯಾವ ಡೈವೋರ್ಸ್ ಅರ್ಜಿಯೂ ಹಾಕುವಂತಿಲ್ಲ. ತೀರಾ ಅಸಹನೀಯ ಕಷ್ಟವಿದ್ದರೆ ಕೋರ್ಟಿನ ಅನುಮತಿ ಕೇಳಬಹುದು, ಅಷ್ಟೇ. ಆ ಒಂದು ವರ್ಷ ದಾಟಿದ ಮೇಲೆ ಎರಡು ದಾರಿ.

ಒಪ್ಪಿಗೆಯದು ಸೆಕ್ಷನ್ 13-ಬಿ, ಜನ ಮ್ಯೂಚುಯಲ್ ಎನ್ನುತ್ತಾರೆ. ಇಬ್ಬರೂ ಕನಿಷ್ಠ ಒಂದು ವರ್ಷದಿಂದ ಬೇರೆ ಇರಬೇಕು, ಒಟ್ಟಿಗೆ ಬಾಳಲು ಆಗುತ್ತಿಲ್ಲ ಎನ್ನಬೇಕು, ಬಿಡಲು ಇಬ್ಬರೂ ಒಪ್ಪಿರಬೇಕು. ಬೇರೆ ಇರುವುದು ಎಂದರೆ ಬೇರೆ ಮನೆಯೇ ಆಗಬೇಕಿಲ್ಲ. ಒಂದೇ ಸೂರಿನಡಿ ಇದ್ದೂ ಗಂಡ ಹೆಂಡತಿಯಾಗಿ ಬಾಳದಿದ್ದರೆ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬಹುದು ಎಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ. ಮನೆ ಬಾಡಿಗೆ ಎರಡು ಕಡೆ ಕಟ್ಟಲಾಗದೆ ಒಂದೇ ಫ್ಲ್ಯಾಟಿನ ಎರಡು ರೂಮಿನಲ್ಲಿ ಇರುವವರು ಇದನ್ನು ವಕೀಲರ ಹತ್ತಿರ ಮುಚ್ಚಿಡಬೇಕಿಲ್ಲ.

ಇಬ್ಬರೂ ಸೇರಿ ಒಂದೇ ಅರ್ಜಿ ಹಾಕುತ್ತೀರಿ. ಕೋರ್ಟು ಮೊದಲ ಹೇಳಿಕೆ ತೆಗೆದುಕೊಳ್ಳುತ್ತದೆ. ಅರ್ಜಿ ಹಾಕಿ ಆರು ತಿಂಗಳಾದ ಮೇಲೆ, ಹದಿನೆಂಟು ತಿಂಗಳ ಒಳಗೆ, ಮತ್ತೆ ಬಂದು "ಹೌದು, ನಮ್ಮ ಮನಸ್ಸು ಬದಲಾಗಿಲ್ಲ" ಎನ್ನಬೇಕು. ಆಮೇಲೆ ಡಿಕ್ರಿ, ಅಂದರೆ ಡೈವೋರ್ಸ್ ಆಯಿತು ಎಂಬ ಕೋರ್ಟಿನ ಆದೇಶ. ನಡುವಿನ ಆರು ತಿಂಗಳನ್ನು ಕೋರ್ಟು ಮನ್ನಾ ಮಾಡಬಹುದು ಎಂದು 2017ರಲ್ಲಿ ಅಮರ್‌ದೀಪ್ ಸಿಂಗ್ ಪ್ರಕರಣದಲ್ಲಿ ತೀರ್ಪಾಗಿದೆ. ಆದರೆ ಅದು ಕೇಳಿದ ಕೂಡಲೇ ಸಿಗುವ ರಿಯಾಯಿತಿ ಅಲ್ಲ. ಒಂದು ವರ್ಷದ ಜೊತೆ ಈ ಆರು ತಿಂಗಳೂ ಅರ್ಜಿಯ ಮೊದಲ ವಿಚಾರಣೆಗೆ ಮುಂಚೆಯೇ ಬೇರೆ ಇದ್ದು ಕಳೆದಿರಬೇಕು. ರಾಜಿ ಪ್ರಯತ್ನ ಮುರಿದಿರಬೇಕು. ಜೀವನಾಂಶ, ಮಗುವಿನ ವಿಷಯ ಇತ್ಯರ್ಥವಾಗಿರಬೇಕು. ಕಾಯಿಸಿದರೆ ನೋವು ಉದ್ದವಾಗುತ್ತದೆ ಅಷ್ಟೇ ಎಂದು ನ್ಯಾಯಾಧೀಶರಿಗೆ ಅನಿಸಬೇಕು. ಎಂಟು ತಿಂಗಳು ಬೇರೆ ಇದ್ದವಳಿಗೆ ಮೂರು ತಿಂಗಳಲ್ಲಿ ಕೊಡಿಸುತ್ತೇನೆ ಎಂದ ಆ ಮೊದಲ ವಕೀಲರ ಮಾತು ಈಗ ನಿಮಗೂ ಅರ್ಥವಾಗಿರಬೇಕು, ಅಲ್ವಾ?

ಇನ್ನೊಂದು ವಿಷಯ ಹಲವರಿಗೆ ಗೊತ್ತಿಲ್ಲ. ಡಿಕ್ರಿ ಆಗುವವರೆಗೂ ಇಬ್ಬರಲ್ಲಿ ಯಾರು ಬೇಕಾದರೂ ಒಪ್ಪಿಗೆ ವಾಪಸ್ ಪಡೆಯಬಹುದು. ಪೂರ್ತಿ ದುಡ್ಡನ್ನು ಮೊದಲೇ ಕೊಟ್ಟು, ಎರಡನೇ ಹೇಳಿಕೆಗೆ ಆ ಕಡೆಯವರು ಬಾರದೆ ಹೋದರೆ ಕಷ್ಟ. ಕಂತಿನ ವಿಷಯ ಮುಂದೆ ಹೇಳುತ್ತೇನೆ.

ಕ್ರೈಸ್ತರ ಕಾಯ್ದೆಯಲ್ಲಿ ಒಪ್ಪಿಗೆಯ ಡೈವೋರ್ಸಿಗೆ ಎರಡು ವರ್ಷ ಬೇರೆ ಇರಬೇಕು ಎಂದು ಬರೆದಿದೆ. ಕೇರಳ ಹೈಕೋರ್ಟ್ 2010ರಲ್ಲಿ, ಕರ್ನಾಟಕ ಹೈಕೋರ್ಟ್ ಆಮೇಲೆ, ಅದನ್ನು ಒಂದು ವರ್ಷ ಎಂದು ಓದಿಕೊಂಡಿವೆ.

ಜಗಳದ ದಾರಿಯಲ್ಲಿ ಒಬ್ಬರು ಅರ್ಜಿ ಹಾಕುತ್ತಾರೆ, ಇನ್ನೊಬ್ಬರು ಎದುರಿಸುತ್ತಾರೆ. ಇಲ್ಲಿ ಕಾನೂನು ಹೇಳಿದ ಕಾರಣಗಳಲ್ಲಿ ಒಂದನ್ನಾದರೂ ಸಾಬೀತು ಮಾಡಬೇಕು. ಕ್ರೌರ್ಯ, ಎರಡು ವರ್ಷ ತೊರೆದು ಹೋಗಿರುವುದು, ಪರಸಂಗ, ಮತಾಂತರ, ಗುಣವಾಗದ ತೀವ್ರ ಮಾನಸಿಕ ಕಾಯಿಲೆ, ಏಳು ವರ್ಷ ಸುಳಿವೇ ಇಲ್ಲದಿರುವುದು ಮುಂತಾದವು. ಕುಷ್ಠರೋಗವೂ ಮೊದಲು ಈ ಪಟ್ಟಿಯಲ್ಲಿತ್ತು, 2019ರಲ್ಲಿ ತೆಗೆದುಹಾಕಿದರು. ಕ್ರೌರ್ಯ ಎಂದರೆ ಹೊಡೆಯುವುದೊಂದೇ ಅಲ್ಲ, ಮಾನಸಿಕ ಹಿಂಸೆಯೂ ಸೇರುತ್ತದೆ. ಆದರೆ ದಿನನಿತ್ಯದ ಕಿರಿಕಿರಿಯನ್ನೆಲ್ಲ ಕೋರ್ಟು ಕ್ರೌರ್ಯ ಎನ್ನುವುದಿಲ್ಲ.

"ನಮ್ಮಿಬ್ಬರಿಗೂ ಹೊಂದಾಣಿಕೆಯೇ ಇಲ್ಲ, ಮದುವೆ ಸತ್ತೇ ಹೋಗಿದೆ" ಎನ್ನುವುದು ನಿಜವಿರಬಹುದು. ಆದರೆ ಅದೊಂದೇ ಹಿಂದೂ ವಿವಾಹ ಕಾಯ್ದೆಯಲ್ಲಿ ಕಾರಣವಲ್ಲ. ಹಾಗೆ ಪೂರ್ತಿ ಮುರಿದ ಮದುವೆಯನ್ನು ಸಂವಿಧಾನದ 142ನೇ ವಿಧಿಯಡಿ ಕೊನೆಗೊಳಿಸುವ ಅಧಿಕಾರ ಸುಪ್ರೀಂ ಕೋರ್ಟಿಗೆ ಮಾತ್ರ ಇದೆ ಎಂದು 2023ರ ಮೇ 1ರಂದು ಐವರ ಪೀಠ ಹೇಳಿತು. ಪತ್ರಿಕೆಯಲ್ಲಿ ಅದನ್ನು ಓದಿ ಫ್ಯಾಮಿಲಿ ಕೋರ್ಟಿನಲ್ಲೂ ಹಾಗೇ ಸಿಗುತ್ತದೆ ಅಂದುಕೊಂಡವರನ್ನು ನಾನು ನೋಡಿದ್ದೇನೆ.

ಮೂರನೇ "ದಾರಿ" ಒಂದಿದೆ, ಅದು ದಾರಿಯೇ ಅಲ್ಲ. ಬಾಂಡ್ ಪೇಪರ್ ಮೇಲೆ "ಇನ್ನು ನನಗೂ ನಿನಗೂ ಸಂಬಂಧವಿಲ್ಲ" ಎಂದು ಬರೆದು, ಊರ ಹಿರಿಯರ ಸಹಿ ಹಾಕಿಸಿ, ನೋಟರಿ ಸೀಲ್ ಒತ್ತಿಸುವುದು. ಇದರಿಂದ ಮದುವೆ ಮುಗಿಯುವುದಿಲ್ಲ. ತಲೆತಲಾಂತರದಿಂದ ಬಂದ ಪದ್ಧತಿ ಇರುವ ಸಮುದಾಯಗಳಿಗೆ ಕಾಯ್ದೆಯ 29ನೇ ಸೆಕ್ಷನ್ ವಿನಾಯಿತಿ ಕೊಡುತ್ತದೆ, ನಿಜ. ಆದರೆ ಆ ಪದ್ಧತಿ ಇದೆ ಎಂದು ಕೋರ್ಟಿನಲ್ಲಿ ಸಾಬೀತು ಮಾಡುವ ಹೊಣೆ ನಿಮ್ಮದೇ. ಆ ಕಾಗದ ನಂಬಿ ಇನ್ನೊಂದು ಮದುವೆಯಾದರೆ ಎರಡನೇ ಮದುವೆ ಅಸಿಂಧು. ಮೇಲೆ ಕ್ರಿಮಿನಲ್ ಕೇಸು ಬೇರೆ.

ಹಂತ 3: ಕಾಗದ ಜೋಡಿಸಿ, ಒಂದು ಪುಟ ಬರೆಯಿರಿ

ವಕೀಲರನ್ನು ನೋಡುವ ಮೊದಲೇ ಮಾಡಬೇಕಾದ ಕೆಲಸ ಇದು. ಲಗ್ನಪತ್ರಿಕೆ, ಮದುವೆಯ ನಾಲ್ಕೈದು ಫೋಟೊ, ಮದುವೆ ಸರ್ಟಿಫಿಕೇಟ್, ಇಬ್ಬರ ವಿಳಾಸದ ದಾಖಲೆ, ಮಗುವಿನ ಜನನ ಪತ್ರ. ನಿಮ್ಮ ಸಂಬಳದ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್, ಆದಾಯ ತೆರಿಗೆ ರಿಟರ್ನ್, ಸಾಲದ ಕಾಗದ. ಇನ್ನೊಬ್ಬರ ಆದಾಯದ ಬಗ್ಗೆ ನ್ಯಾಯವಾಗಿ ನಿಮ್ಮ ಬಳಿ ಇರುವುದೆಲ್ಲ. ಒಡವೆಯ ಪಟ್ಟಿ, ಸಾಧ್ಯವಿದ್ದರೆ ಅಂಗಡಿಯ ಬಿಲ್. ಬಿಲ್ ಇಲ್ಲದಿದ್ದರೆ ಒಡವೆ ಹಾಕಿಕೊಂಡ ಮದುವೆ ಫೋಟೊ ಕೂಡ ಉಪಯೋಗಕ್ಕೆ ಬರುತ್ತದೆ. ಮದುವೆಯಲ್ಲಿ ಹೆಣ್ಣಿಗೆ ಕೊಟ್ಟ ಸ್ತ್ರೀಧನ ಅವಳದೇ, ಅತ್ತೆ ಮನೆಯ ಬೀರುವಿನಲ್ಲಿ ಇದ್ದ ಮಾತ್ರಕ್ಕೆ ಅವರದಾಗುವುದಿಲ್ಲ.

ಆಮೇಲೆ ಒಂದು ಪುಟದಲ್ಲಿ ತಾರೀಖಿನ ಸಮೇತ ನಡೆದದ್ದನ್ನು ಬರೆಯಿರಿ. ಮದುವೆ ಯಾವಾಗ, ಎಲ್ಲೆಲ್ಲಿ ಒಟ್ಟಿಗೆ ಇದ್ದಿರಿ, ಮಗು ಯಾವಾಗ, ಮೊದಲ ದೊಡ್ಡ ಜಗಳ, ಬೇರೆಯಾದ ದಿನ, ಪೊಲೀಸ್ ದೂರು ಇದ್ದರೆ ಅದು. ಬೈಗುಳ ಬೇಡ, ಅತ್ತೆಯ ಗುಣಗಾನವೂ ಬೇಡ. ತಂಗಿ ಮೊದಲು ಬರೆದದ್ದು ಹನ್ನೊಂದು ಪುಟ. ಒಂದೂವರೆ ಪುಟಕ್ಕೆ ಇಳಿಸಲು ಎರಡು ದಿನ ಬೇಕಾಯಿತು. ವಕೀಲರು ಪೂರ್ತಿ ಓದಿದ್ದು ಆ ಒಂದೂವರೆ ಪುಟವನ್ನೇ.

ಫೋನಿನಲ್ಲಿರುವ ಮೆಸೇಜು, ರೆಕಾರ್ಡಿಂಗ್ ಅಳಿಸಬೇಡಿ, ಹಳೆ ಫೋನನ್ನು ಎಕ್ಸ್‌ಚೇಂಜಿಗೂ ಕೊಡಬೇಡಿ. ಗುಟ್ಟಾಗಿ ರೆಕಾರ್ಡ್ ಮಾಡಿದ ಗಂಡ ಹೆಂಡತಿಯ ಫೋನ್ ಮಾತನ್ನೂ ಇಂಥ ಕೇಸಿನಲ್ಲಿ ಸಾಕ್ಷಿಯಾಗಿ ನೋಡಬಹುದು ಎಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿದೆ. ಇದು ಎರಡೂ ಕಡೆಗೆ ಅನ್ವಯ. ಸಿಟ್ಟಿನಲ್ಲಿ ನೀವು ಆಡಿದ ಮಾತನ್ನೂ ಒಂದು ದಿನ ಕೋರ್ಟಿನಲ್ಲಿ ಕೇಳಿಸಬಹುದು. ಹಾಗಂತ ಅವರ ಇಮೇಲ್ ಪಾಸ್‌ವರ್ಡ್ ಕದ್ದು ಒಳಗೆ ನುಗ್ಗಬೇಡಿ, ಅದು ಬೇರೆಯದೇ ಅಪರಾಧ.

ಹಂತ 4: ವಕೀಲರನ್ನು ಎಲ್ಲಿ ಹುಡುಕುವುದು?

ಭಾರತದಲ್ಲಿ ವಕೀಲರು ಜಾಹೀರಾತು ಕೊಟ್ಟು ಕೇಸು ಹಿಡಿಯುವಂತಿಲ್ಲ. ಬಾರ್ ಕೌನ್ಸಿಲ್ ನಿಯಮವೇ ಹಾಗಿದೆ. ವೆಬ್‌ಸೈಟಿನಲ್ಲಿ ಹೆಸರು, ವಿಳಾಸ, ಓದು ಇಂಥ ಸಾಮಾನ್ಯ ಮಾಹಿತಿ ಹಾಕಬಹುದು, ಅಷ್ಟೇ. ಹಾಗಾಗಿ ರೀಲ್ಸ್‌ನಲ್ಲಿ "ಗ್ಯಾರಂಟಿ ಡೈವೋರ್ಸ್" ಎಂದು ಕೂಗುವವರು ಮೊದಲ ನಿಯಮವನ್ನೇ ಮುರಿದವರು. ಕೋರ್ಟಿನ ಗೇಟಿನ ಬಳಿ "ಏನು ಕೇಸು ಸಾರ್?" ಎಂದು ಕೈ ಹಿಡಿಯುವವರ ಜೊತೆಯೂ ಹೋಗಬೇಡಿ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿದ್ದು ಒಂದು ಪ್ರಶ್ನೆ. ಪರಿಚಯದ ವಕೀಲರೊಬ್ಬರಿದ್ದರು, ಜಮೀನು ಕೇಸು ನೋಡುವವರು. ಅವರನ್ನು "ನಿಮ್ಮ ಮನೆ ಹುಡುಗಿಗೇ ಇಂಥ ಪರಿಸ್ಥಿತಿ ಬಂದರೆ ಯಾರ ಹತ್ತಿರ ಕಳಿಸ್ತೀರಿ?" ಎಂದು ಕೇಳಿದೆ. ವಕೀಲರಿಗೆ ವಕೀಲರ ಗುಣ ಗೊತ್ತಿರುತ್ತದೆ. ಯಾರು ಕೇಸು ಓದಿಕೊಂಡು ಬರುತ್ತಾರೆ, ಯಾರು ಬರೀ ವಾಯಿದೆ, ಅಂದರೆ ಮುಂದಿನ ತಾರೀಖು, ತೆಗೆದುಕೊಳ್ಳುತ್ತಾರೆ, ಎಲ್ಲ. ಎರಡು ಹೆಸರು ಸಿಕ್ಕವು.

ಇತ್ತೀಚೆಗೆ ಡೈವೋರ್ಸ್ ಆದವರನ್ನೂ ಕೇಳಬಹುದು. ಆದರೆ "ಗೆದ್ದರಾ" ಎಂದು ಕೇಳಬೇಡಿ. ಫೋನ್ ಎತ್ತುತ್ತಿದ್ದರಾ, ವಾಯಿದೆಗೆ ತಾವೇ ಬರುತ್ತಿದ್ದರಾ ಇಲ್ಲ ಜೂನಿಯರ್ ಕಳಿಸುತ್ತಿದ್ದರಾ, ಮೊದಲು ಹೇಳಿದ ಫೀಸಿಗೆ ನಿಂತರಾ ಎಂದು ಕೇಳಿ.

ಹತ್ತಿರದ ಸಂಬಂಧಿ ವಕೀಲರಾಗಿದ್ದರೆ? ನನ್ನ ಅಭಿಪ್ರಾಯ, ಬೇಡ. ಒಳಗಿನ ಮಾತು ಅವರ ಮುಂದೆ ಬಾಯಿಬಿಟ್ಟು ಹೇಳಲಾಗುವುದಿಲ್ಲ. ಬದಲಾಯಿಸಬೇಕೆನಿಸಿದರೆ ನೆಂಟಸ್ತಿಕೆಯೂ ಕೆಡುತ್ತದೆ.

ದುಡ್ಡಿಲ್ಲದವರಿಗೆ, ಮತ್ತು ಎಲ್ಲ ಹೆಂಗಸರಿಗೆ, ಇನ್ನೊಂದು ಬಾಗಿಲಿದೆ. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಉಚಿತ ಕಾನೂನು ನೆರವಿಗೆ ಅರ್ಹರು. ಹೆಂಗಸರಿಗೆ ಆದಾಯದ ಮಿತಿ ಇಲ್ಲ. ಕೆಲಸದಲ್ಲಿರುವವರೂ ಕೇಳಬಹುದು. ಉಳಿದ ಗಂಡಸರಿಗೆ ಆದಾಯ ನೋಡುತ್ತಾರೆ. ಜಿಲ್ಲಾ ಕೋರ್ಟಿನಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಎಲ್ಲಿ ಎಂದು ಕೇಳಿ, ತಾಲ್ಲೂಕಿನಲ್ಲಿ ಸಮಿತಿ ಇರುತ್ತದೆ. ಸಹಾಯವಾಣಿ 15100. ಕೊಡುವ ವಕೀಲರ ಗುಣಮಟ್ಟ ಒಂದೇ ಸಮ ಇರುವುದಿಲ್ಲ, ಒಪ್ಪುತ್ತೇನೆ. ಸರಿ ಬರದಿದ್ದರೆ ಬದಲಾಯಿಸಿ ಎಂದು ಕೇಳಲು ಹಿಂಜರಿಯಬೇಡಿ.

ಯಾವ ಊರಿನ ವಕೀಲರು ಬೇಕು ಎನ್ನುವುದಕ್ಕೆ ಯಾವ ಊರಿನ ಕೋರ್ಟು ಎಂದು ಗೊತ್ತಿರಬೇಕು. ಮದುವೆ ನಡೆದ ಊರು, ಕೊನೆಯದಾಗಿ ಒಟ್ಟಿಗೆ ಇದ್ದ ಊರು, ಎದುರುಪಕ್ಷದವರು ಇರುವ ಊರು, ಇವುಗಳಲ್ಲಿ ಎಲ್ಲಿ ಬೇಕಾದರೂ ಹಾಕಬಹುದು. ಅರ್ಜಿ ಹಾಕುವವರು ಹೆಂಡತಿಯಾದರೆ ತಾನು ಈಗ ಇರುವ ಊರಲ್ಲೂ ಹಾಕಬಹುದು. ತವರಿಗೆ ಬಂದವರಿಗೆ ಇದು ದೊಡ್ಡ ಅನುಕೂಲ.

ಹಂತ 5: ಮೊದಲ ಭೇಟಿ

ಕನಿಷ್ಠ ಇಬ್ಬರನ್ನು ನೋಡಿ. ಸಲಹೆಗೆ ಫೀಸು ಎಷ್ಟು ಎಂದು ಫೋನಿನಲ್ಲೇ ಕೇಳಿಕೊಂಡು ಹೋಗಿ, ಅದು ಕೊಡಬೇಕಾದ್ದೇ. ಜೊತೆಗೆ ಒಬ್ಬರು ಇರಲಿ, ಅಮ್ಮನೋ ಅಣ್ಣನೋ. ಆದರೆ ಸ್ವಲ್ಪ ಹೊತ್ತು ಒಬ್ಬರೇ ಮಾತಾಡಿ. ಮನೆಯವರ ಮುಂದೆ ಹೇಳದ ವಿಷಯ ಎಲ್ಲರಿಗೂ ಇರುತ್ತದೆ. ನೀವು ಹೇಳಿದ್ದನ್ನು ವಕೀಲರು ಹೊರಗೆ ಬಿಡುವಂತಿಲ್ಲ, ಅದಕ್ಕೆ ಕಾನೂನಿನ ರಕ್ಷಣೆ ಇದೆ. ನಿಮ್ಮ ತಪ್ಪು ಏನಾದರೂ ಇದ್ದರೆ ಮೊದಲ ದಿನವೇ ಹೇಳಿಬಿಡಿ. ಪಾಟಿ ಸವಾಲಿನ ದಿನ ಎದುರು ವಕೀಲರ ಬಾಯಿಂದ ನಿಮ್ಮ ವಕೀಲರು ಅದನ್ನು ಮೊದಲ ಸಲ ಕೇಳುವಂತಾಗಬಾರದು.

ಕೇಳಬೇಕಾದ ಪ್ರಶ್ನೆಗಳು ಬಹಳ ಇಲ್ಲ. ನನ್ನ ಕೇಸಿನಲ್ಲಿ ದುರ್ಬಲವಾದ ಜಾಗ ಯಾವುದು? ಒಪ್ಪಿಗೆಯಲ್ಲಿ ಮುಗಿಸಲು ಸಾಧ್ಯವಾ? ಇಲ್ಲದಿದ್ದರೆ ಯಾವ ಕಾರಣದ ಮೇಲೆ ಹಾಕುತ್ತೀರಿ, ಅದಕ್ಕೆ ನನ್ನ ಹತ್ತಿರ ಸಾಕ್ಷಿ ಸಾಕಾ? ವಾಯಿದೆಗೆ ಯಾರು ಬರುತ್ತಾರೆ? ಅರ್ಜಿಯನ್ನು ಹಾಕುವ ಮುಂಚೆ ನನಗೆ ಓದಲು ಕೊಡುತ್ತೀರಾ?

ದುರ್ಬಲ ಜಾಗ ಯಾವುದು ಎಂಬ ಪ್ರಶ್ನೆಗೆ "ಏನೂ ಇಲ್ಲ, ನೀವು ಆರಾಮಾಗಿರಿ" ಎಂಬ ಉತ್ತರ ಬಂದರೆ ಎದ್ದು ಬನ್ನಿ. ನ್ಯಾಯಾಧೀಶರು ನಮಗೆ ಬೇಕಾದವರು ಎಂದರೂ ಅಷ್ಟೇ.

ಇನ್ನೊಂದು ರೀತಿಯವರಿದ್ದಾರೆ. ಕತೆ ಕೇಳುವ ಮುಂಚೆಯೇ "ಮೊದಲು ವರದಕ್ಷಿಣೆ ಕೇಸು ಹಾಕೋಣ, ತಾನಾಗೇ ದಾರಿಗೆ ಬರ್ತಾರೆ" ಎನ್ನುತ್ತಾರೆ. ನಿಜವಾಗಿ ಕಿರುಕುಳ ನಡೆದಿದ್ದರೆ ದೂರು ಕೊಡುವುದು ನಿಮ್ಮ ಹಕ್ಕು, ಕೊಡಲೇಬೇಕು. ನಡೆಯದಿದ್ದನ್ನು ಬರೆಸಿದರೆ ಅದೇ ನಿಮ್ಮ ಮೇಲೆ ಕ್ರೌರ್ಯದ ಆರೋಪವಾಗಿ ತಿರುಗಬಹುದು. ಗಂಡ, ಅತ್ತೆಮನೆಯವರ ಕಿರುಕುಳಕ್ಕೆ ಹಾಕುವ ಹಳೆಯ 498-ಎ, ಅಂದರೆ ಈಗಿನ ಭಾರತೀಯ ನ್ಯಾಯ ಸಂಹಿತೆಯ 85ನೇ ಸೆಕ್ಷನ್ನಿನ ಕೇಸನ್ನು ನಮ್ಮಲ್ಲಿ ಇಬ್ಬರೂ ರಾಜಿಯಾದರೂ ಕೆಳಗಿನ ಕೋರ್ಟಿನಲ್ಲಿ ಸುಮ್ನೆ ವಾಪಸ್ ಪಡೆಯಲು ಬರುವುದಿಲ್ಲ. ರದ್ದು ಮಾಡಿಸಲು ಹೈಕೋರ್ಟಿಗೆ ಹೋಗಬೇಕು.

ಹಂತ 6: ಫೀಸು ಮತ್ತು ವಕಾಲತ್ತು

ಫೀಸಿಗೆ ಒಂದು ಅಳತೆ ಇಲ್ಲ. ಕೆಲವರು ಇಡೀ ಕೇಸಿಗೆ ಇಷ್ಟು ಎನ್ನುತ್ತಾರೆ, ಕೆಲವರು ಹಂತಕ್ಕೆ ಇಷ್ಟು, ಕೆಲವರು ವಾಯಿದೆಗೆ ಇಷ್ಟು. ಒಪ್ಪಿಗೆಯ ಕೇಸಿಗೆ ಇಡೀ ಕೇಸಿನ ಲೆಕ್ಕ ಒಳ್ಳೆಯದು. ಜಗಳದ ಕೇಸಿಗೆ ಹಂತದ ಲೆಕ್ಕ ಮಾಡಿಕೊಳ್ಳಿ. ವಾಯಿದೆಯ ಲೆಕ್ಕದಲ್ಲಿ ಕೇಸು ಮುಂದೆ ಹೋದಷ್ಟೂ ನಿಮ್ಮ ಜೇಬಿಗೇ ಕತ್ತರಿ. ಟೈಪಿಂಗ್, ಕೋರ್ಟ್ ಫೀ, ಗುಮಾಸ್ತರ ಖರ್ಚು ಸೇರಿದೆಯಾ, ಕೇಸಿನ ನಡುವೆ ಹಾಕುವ ಮಧ್ಯಂತರ ಅರ್ಜಿಗೆ ಬೇರೆ ಕೊಡಬೇಕಾ ಎಂದು ಕೇಳಿ. ಒಪ್ಪಿದ್ದನ್ನು ಒಂದು ವಾಟ್ಸಾಪ್ ಮೆಸೇಜಿನಲ್ಲಾದರೂ ಬರೆದು ಕಳಿಸಿ, "ಸರಿ" ಎಂಬ ಉತ್ತರ ಬರಲಿ.

"ಬರುವ ಜೀವನಾಂಶದಲ್ಲಿ ನನಗೆ ಇಷ್ಟು ಪರ್ಸೆಂಟ್" ಎಂದರೆ ಒಪ್ಪಬೇಡಿ. ಕೇಸಿನ ಫಲದಲ್ಲಿ ಪಾಲು ಕೇಳುವುದನ್ನು ಬಾರ್ ಕೌನ್ಸಿಲ್ ನಿಯಮ ನಿಷೇಧಿಸಿದೆ.

ವಕಾಲತ್ತು ಎಂದರೆ ನಿಮ್ಮ ಪರವಾಗಿ ಕೋರ್ಟಿನಲ್ಲಿ ನಿಲ್ಲಲು ನೀವು ಕೊಡುವ ಅಧಿಕಾರ ಪತ್ರ. ಓದಿ ಸಹಿ ಹಾಕಿ. ಖಾಲಿ ಹಾಳೆ, ಖಾಲಿ ಬಾಂಡ್ ಪೇಪರಿಗೆ ಯಾರು ಕೇಳಿದರೂ ಸಹಿ ಹಾಕಬೇಡಿ. ವಕೀಲರ ನೋಂದಣಿ ಸಂಖ್ಯೆಯನ್ನು ರಾಜ್ಯ ಬಾರ್ ಕೌನ್ಸಿಲ್‌ನಲ್ಲಿ ಪರಿಶೀಲಿಸಬಹುದು. ಕರ್ನಾಟಕದವರದು ಕೆಎಆರ್ ಎಂದು ಶುರುವಾಗಿ ವರ್ಷದಲ್ಲಿ ಮುಗಿಯುತ್ತದೆ.

ವಕೀಲರನ್ನು ಬದಲಾಯಿಸುವ ಹಕ್ಕು ನಿಮಗಿದೆ. ಫೀಸು ಬಾಕಿ ಇದೆ ಎಂದು ನಿಮ್ಮ ಫೈಲನ್ನು ಒತ್ತೆ ಇಟ್ಟುಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ. ಆದರೂ ಜಗಳವಾಡಿ ಬರಬೇಡಿ. ಲೆಕ್ಕ ಚುಕ್ತಾ ಮಾಡಿ ಎನ್‌ಒಸಿ (ತಮ್ಮ ಅಭ್ಯಂತರವಿಲ್ಲ ಎಂಬ ಪತ್ರ) ತೆಗೆದುಕೊಂಡು ಬಂದರೆ ಹೊಸ ವಕೀಲರಿಗೂ ಸುಲಭ.

ಒಪ್ಪಿಗೆಯ ಕೇಸಿನಲ್ಲಿ ಇಬ್ಬರಿಗೂ ಒಬ್ಬರೇ ವಕೀಲರು ಸಾಕಲ್ಲ ಎಂಬ ಮಾತು ಬರುತ್ತದೆ. ಖರ್ಚು ಉಳಿಯುತ್ತದೆ, ನಿಜ. ಆದರೆ ಆ ವಕೀಲರನ್ನು ಗೊತ್ತು ಮಾಡಿದವರು ಒಂದು ಕಡೆಯವರೇ ಆಗಿರುತ್ತಾರೆ. ಸಹಿಗೆ ಮುಂಚೆ ಒಪ್ಪಂದವನ್ನು ಬೇರೆ ವಕೀಲರೊಬ್ಬರಿಗೆ ತೋರಿಸಿ. ಒಂದು ಗಂಟೆಯ ಸಲಹೆ ಸಾಕು.

ಹಂತ 7: ದುಡ್ಡು, ಮಗು, ಮನೆ

ಜಾಸ್ತಿ ತಲೆ ಓಡಿಸಬೇಕಾದ ಜಾಗ ಇದೇ.

ಡೈವೋರ್ಸ್ ಆದರೆ ಆಸ್ತಿಯಲ್ಲಿ ಅರ್ಧ ಸಿಗುತ್ತದೆ ಎನ್ನುವುದು ಸಿನಿಮಾದಿಂದ ಬಂದ ನಂಬಿಕೆ. ನಮ್ಮ ಕಾನೂನಿನಲ್ಲಿ ಹಾಗೆ ತಾನಾಗೇ ಪಾಲಾಗುವುದಿಲ್ಲ. ಯಾರ ಹೆಸರಿನ ಆಸ್ತಿ ಅವರದು, ಜಂಟಿಯಾದದ್ದು ಜಂಟಿ. ಕೇಳಬಹುದಾದ್ದು ಜೀವನಾಂಶ. ಕೇಸು ನಡೆಯುವಾಗ ಸೆಕ್ಷನ್ 24ರಡಿ ತಾತ್ಕಾಲಿಕ ಜೀವನಾಂಶ ಮತ್ತು ಕೇಸಿನ ಖರ್ಚು, ಕೊನೆಗೆ ಸೆಕ್ಷನ್ 25ರಡಿ ಶಾಶ್ವತ ಜೀವನಾಂಶ. ಹಿಂದೂ ವಿವಾಹ ಕಾಯ್ದೆಯಲ್ಲಿ ಆದಾಯವಿಲ್ಲದ ಗಂಡನೂ ಕೇಳಬಹುದು. ತಾತ್ಕಾಲಿಕ ಅರ್ಜಿಯನ್ನು ನೋಟಿಸ್ ಮುಟ್ಟಿದ 60 ದಿನದಲ್ಲಿ ಮುಗಿಸಲು ಯತ್ನಿಸಬೇಕು ಎಂದು ಕಾಯ್ದೆ ಹೇಳುತ್ತದೆ. ನಡೆಯುವುದು ಬೇರೆ.

2020ರ ನವೆಂಬರಿನ ರಜನೀಶ್ ವಿರುದ್ಧ ನೇಹಾ ತೀರ್ಪಿನ ಮೇಲೆ, ಜೀವನಾಂಶದ ಕೇಸಿನಲ್ಲಿ ಇಬ್ಬರೂ ಆದಾಯ, ಆಸ್ತಿ, ಸಾಲದ ಅಫಿಡವಿಟ್ ಕೊಡಬೇಕು. ಕೆಲಸ ಬಿಟ್ಟೆ, ಅಂಗಡಿ ಮುಚ್ಚಿದೆ ಎಂದು ಬಾಯಿ ಮಾತಿನಲ್ಲಿ ಹೇಳಿದರೆ ನಡೆಯುವುದಿಲ್ಲ. ನೀವೂ ಸುಳ್ಳು ಬರೆಯಬೇಡಿ. ಬ್ಯಾಂಕ್ ಸ್ಟೇಟ್‌ಮೆಂಟ್ ಎರಡೂ ಕಡೆಯ ಬಣ್ಣ ಬಯಲು ಮಾಡುತ್ತದೆ.

ಒಪ್ಪಿಗೆಯಲ್ಲಿ ಒಟ್ಟು ಮೊತ್ತ ಮಾತಾಡಿಕೊಂಡರೆ ಕಂತು ಮಾಡಿ. ಒಂದು ಭಾಗ ಮೊದಲ ಹೇಳಿಕೆಯ ದಿನ, ಉಳಿದದ್ದು ಎರಡನೇ ಹೇಳಿಕೆಯ ದಿನ, ಡಿಮ್ಯಾಂಡ್ ಡ್ರಾಫ್ಟ್ ರೂಪದಲ್ಲಿ, ನ್ಯಾಯಾಧೀಶರ ಮುಂದೆ. ಆಗ ಇಬ್ಬರಿಗೂ ಧೈರ್ಯ. ಒಡವೆ ಯಾವ ದಿನ ವಾಪಸ್, ಯಾರ ಸಮಕ್ಷಮ, ಪಟ್ಟಿ ಸಮೇತ ಬರೆಯಿರಿ. ಬೇರೆ ಕೇಸುಗಳಿದ್ದರೆ ಯಾವುದನ್ನು ಯಾರು ಯಾವಾಗ ಮುಗಿಸಬೇಕು ಎಂದೂ ಇರಲಿ. ಜಂಟಿ ಗೃಹಸಾಲವಿದ್ದರೆ ಎಚ್ಚರ. "ಇನ್ನು ಮುಂದೆ ಗಂಡನೇ ಕಂತು ಕಟ್ಟತಕ್ಕದ್ದು" ಎಂದು ನೀವು ಬರೆದುಕೊಂಡರೂ ಬ್ಯಾಂಕಿಗೆ ಅದು ಲೆಕ್ಕವಿಲ್ಲ. ಬ್ಯಾಂಕು ನಿಮ್ಮ ಹೆಸರು ಕೈಬಿಡುವವರೆಗೆ ಸಾಲ ನಿಮ್ಮದೂ ಹೌದು.

ಮಗುವಿನ ವಿಷಯದಲ್ಲಿ ಕೋರ್ಟು ನೋಡುವುದು ಮಗುವಿನ ಹಿತವನ್ನು. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು ಎಂದು 1956ರ ಹಿಂದೂ ಅಪ್ರಾಪ್ತ ವಯಸ್ಕರ ಮತ್ತು ಪೋಷಕತ್ವ ಕಾಯ್ದೆ ಹೇಳುತ್ತದೆ, ಅದೂ ಕಲ್ಲಿನ ಮೇಲೆ ಕೆತ್ತಿದ ನಿಯಮವಲ್ಲ. ಒಪ್ಪಂದದಲ್ಲಿ "ತಂದೆ ಆಗಾಗ ನೋಡಬಹುದು" ಎಂದು ಬರೆದರೆ ಮುಂದೆ ಪ್ರತಿ ಭಾನುವಾರ ಜಗಳ. ಯಾವ ವಾರ, ಎಷ್ಟು ಗಂಟೆಯಿಂದ ಎಷ್ಟು ಗಂಟೆ, ದಸರಾ ರಜೆ ಯಾರ ಬಳಿ, ಬೇಸಿಗೆ ರಜೆ ಹೇಗೆ, ಶಾಲೆಯ ಫೀಸು ಯಾರು, ಪಾಸ್‌ಪೋರ್ಟಿಗೆ ಸಹಿ ಯಾರು, ಎಲ್ಲ ಬರೆಯಿರಿ. ತಂಗಿಯ ಒಪ್ಪಂದದಲ್ಲಿ ವಿಡಿಯೊ ಕಾಲಿನ ಸಮಯ ಕೂಡ ಇದೆ, ಸಂಜೆ ಏಳೂವರೆ. ಸಣ್ಣ ವಿಷಯ ಅನಿಸಿತ್ತು. ಈಗ ದಿನಾ ಉಪಯೋಗಕ್ಕೆ ಬರುವುದು ಅದೇ ಸಾಲು.

ಹಂತ 8: ಕೋರ್ಟಿನಲ್ಲಿ ಏನಾಗುತ್ತದೆ?

1984ರ ಕೌಟುಂಬಿಕ ನ್ಯಾಯಾಲಯ ಕಾಯ್ದೆಯ ಪ್ರಕಾರ ಇಲ್ಲಿ ವಕೀಲರು ಹಕ್ಕಿನಿಂದ ವಾದಿಸುವಂತಿಲ್ಲ, ಕೋರ್ಟಿನ ಅನುಮತಿ ಬೇಕು. ಸಾಮಾನ್ಯವಾಗಿ ಸಿಗುತ್ತದೆ. ಆದರೂ ಈ ಕೋರ್ಟಿನಲ್ಲಿ ನಿಮ್ಮ ಹಾಜರಿಗೆ ಬೆಲೆ ಜಾಸ್ತಿ. ನ್ಯಾಯಾಧೀಶರು ನೇರವಾಗಿ ನಿಮ್ಮನ್ನೇ ಮಾತಾಡಿಸಬಹುದು.

ಜಗಳದ ಕೇಸು ಹೀಗೆ ಸಾಗುತ್ತದೆ. ಅರ್ಜಿ, ನೋಟಿಸ್, ಕೌನ್ಸೆಲಿಂಗ್ ಅಥವಾ ಮಧ್ಯಸ್ಥಿಕೆ, ಎದುರುಪಕ್ಷದ ಆಕ್ಷೇಪಣೆ, ತಾತ್ಕಾಲಿಕ ಅರ್ಜಿಗಳ ಆದೇಶ, ಸಾಕ್ಷಿ, ಪಾಟಿ ಸವಾಲು, ವಾದ, ತೀರ್ಪು. ಆರು ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕು ಎಂದು ಹಿಂದೂ ವಿವಾಹ ಕಾಯ್ದೆಯಲ್ಲೇ ಇದೆ. ಕೋರ್ಟಿನ ಪಡಸಾಲೆಯಲ್ಲಿ ಒಂದು ಬೆಳಿಗ್ಗೆ ಕೂತರೆ, ಎಷ್ಟೋ ಜನ ವರ್ಷಗಳಿಂದ ಬರುತ್ತಿರುವುದು ಕಾಣುತ್ತದೆ. ಮಧ್ಯಸ್ಥಿಕೆಯನ್ನು ಬರೀ ಶಾಸ್ತ್ರ ಎಂದು ತಳ್ಳಬೇಡಿ. ಒಂದಾಗಿಸಲು ಆಗದಿದ್ದರೂ ಜಗಳದ ಕೇಸು ಒಪ್ಪಿಗೆಯ ಕೇಸಾಗಿ ಬದಲಾಗುವುದು ಅಲ್ಲೇ.

ನಿಮಗೇ ನೋಟಿಸ್ ಬಂದರೆ ತೆಗೆದುಕೊಳ್ಳಿ. ವಾಪಸ್ ಕಳಿಸಿದರೆ ಕೇಸು ನಿಲ್ಲುತ್ತದೆ ಎನ್ನುವುದು ಹಳೆಯ ತಪ್ಪು ತಿಳಿವಳಿಕೆ. ನಿರಾಕರಿಸಿದ್ದನ್ನು ಮುಟ್ಟಿದಂತೆಯೇ ಎಂದು ತಿಳಿದು ನಿಮ್ಮ ಗೈರಿನಲ್ಲಿ ಏಕಪಕ್ಷೀಯ ತೀರ್ಪು ಆಗಬಹುದು. ದೂರದ ಊರಲ್ಲಿ ಕೇಸು ಹಾಕಿದ್ದರೆ ವರ್ಗಾವಣೆ ಕೇಳಬಹುದು, ರಾಜ್ಯದೊಳಗಾದರೆ ಹೈಕೋರ್ಟಿನಲ್ಲಿ, ಬೇರೆ ರಾಜ್ಯವಾದರೆ ಸುಪ್ರೀಂ ಕೋರ್ಟಿನಲ್ಲಿ.

ಕೇಸು ದಾಖಲಾದಾಗ ಸಿಗುವ 16 ಅಕ್ಷರ ಮತ್ತು ಅಂಕಿಗಳ ಸಿಎನ್‌ಆರ್ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಮುಂದಿನ ವಾಯಿದೆ, ಹಿಂದಿನ ದಿನ ಏನಾಯಿತು ಎಲ್ಲ ಕಾಣುತ್ತದೆ. ವಕೀಲರು ಫೋನ್ ಎತ್ತದ ದಿನ ಇದೇ ಗತಿ.

ಡಿಕ್ರಿ ಆದ ಮೇಲೆ

ಒಪ್ಪಿಗೆಯ ಡಿಕ್ರಿಗೆ ಮೇಲ್ಮನವಿ ಇಲ್ಲ. ಜಗಳದ ಕೇಸಿನಲ್ಲಿ ಇದೆ. ಕೌಟುಂಬಿಕ ನ್ಯಾಯಾಲಯ ಕಾಯ್ದೆ 30 ದಿನ ಎನ್ನುತ್ತದೆ, ಹಿಂದೂ ವಿವಾಹ ಕಾಯ್ದೆ 90 ದಿನ. ಮರುಮದುವೆಯ ಯೋಚನೆ ಇದ್ದರೆ 90 ಮುಗಿಯಲಿ, ಮೇಲ್ಮನವಿ ಹಾಕಿಲ್ಲ ಎಂದು ವಕೀಲರಿಂದ ಖಾತ್ರಿ ಮಾಡಿಕೊಳ್ಳಿ, ಆಮೇಲೆ ಛತ್ರ ಹುಡುಕಿ.

ಡಿಕ್ರಿಯ ದೃಢೀಕೃತ ನಕಲು ಮೂರು ನಾಲ್ಕು ತೆಗೆಸಿಡಿ. ಪಾಸ್‌ಪೋರ್ಟ್, ಬ್ಯಾಂಕು, ಮಗುವಿನ ಶಾಲೆ, ಎಲ್ಲ ಕಡೆ ಒಂದೊಂದು ಕೇಳಬಹುದು. ಪಿಎಫ್, ವಿಮೆ, ಬ್ಯಾಂಕ್ ಖಾತೆಗಳ ನಾಮಿನಿ ಬದಲಾಯಿಸಿ. ತಂಗಿ ಎಲ್ಲ ಬದಲಾಯಿಸಿ ಒಂದು ಹಳೆಯ ವಿಮಾ ಪಾಲಿಸಿ ಮರೆತಿದ್ದಳು. ಎರಡು ವರ್ಷ ಅದರ ನೆನಪೋಲೆ ಹಳೆ ಗಂಡನ ಮನೆಗೇ ಹೋಗುತ್ತಿತ್ತಂತೆ. ಅವರೇ ಫೋನ್ ಮಾಡಿ ಹೇಳಿದರು, ಸಂಜೆ ಏಳೂವರೆಗೆ, ಮಗಳ ಜೊತೆ ಮಾತಾಡಿ ಮುಗಿಸಿದ ಮೇಲೆ.